ಓದುತ್ತಲೇ ದುಡಿಯುವವರಿಗೆ ಆದಾಯ ತೆರಿಗೆ: ಕಟ್ಟಬೇಕಾದದ್ದೆಷ್ಟು, ಮರಳಿ ಕೇಳಬೇಕಾದದ್ದೆಷ್ಟು

ದಾವಣಗೆರೆಯ ವಿದ್ಯಾನಗರದಲ್ಲಿ ರೂಮು ಮಾಡಿಕೊಂಡು ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಬೆಂಗಳೂರಿನ ಸಂಸ್ಥೆಯೊಂದಕ್ಕೆ ರಾತ್ರಿ ಹೊತ್ತು ವಿಡಿಯೊ ಎಡಿಟಿಂಗ್ ಮಾಡಿಕೊಡುತ್ತಾನೆ ಎಂದುಕೊಳ್ಳೋಣ. ತಿಂಗಳಿಗೆ 12,000 ರೂಪಾಯಿ ಎಂದು ಮಾತಾಗಿತ್ತು, ಖಾತೆಗೆ ಬಂದದ್ದು 10,800. ಉಳಿದ 1,200 ಎಲ್ಲಿ ಎಂದು ಕೇಳಿದರೆ ‘ಟಿಡಿಎಸ್ ಕಟ್ ಆಗಿದೆ’ ಎಂಬ ಉತ್ತರ ಬರುತ್ತದೆ. ತೆರಿಗೆ ಎಂದ ಮೇಲೆ ಅದು ಸರ್ಕಾರಕ್ಕೆ ಹೋದ ಹಣ, ಅದರ ಆಸೆ ಬಿಡಬೇಕು ಎಂದುಕೊಂಡು ಅವನು ಸುಮ್ಮನಾಗುತ್ತಾನೆ. ವರ್ಷ ತುಂಬುವ ಹೊತ್ತಿಗೆ ಹೀಗೆ ಕಡಿತವಾದ ಮೊತ್ತ 14,400 ರೂಪಾಯಿ ಆಗಿರುತ್ತದೆ. ಅವನಿಗೆ ಬೇರೆ ಆದಾಯವಿಲ್ಲದಿದ್ದರೆ, ಅದರಲ್ಲಿ ಒಂದು ರೂಪಾಯಿಯೂ ಅವನು ಸರ್ಕಾರಕ್ಕೆ ಕೊಡಬೇಕಾದದ್ದಲ್ಲ. ಆದರೆ ಅವನು ಕೇಳದ ಹೊರತು ಅದು ಮರಳುವುದೂ ಇಲ್ಲ.

ಈ ಊರಿನಲ್ಲಿ ವಾಣಿಜ್ಯ ವಿಷಯ ಪಾಠ ಮಾಡುವ ನನಗೆ ಇಂತಹ ಪ್ರಶ್ನೆಗಳು ಪ್ರತಿ ವರ್ಷವೂ ಎದುರಾಗುತ್ತವೆ. ಕೇಳುವವರಲ್ಲಿ ಸಂಜೆ ಬಟ್ಟೆ ಅಂಗಡಿಯಲ್ಲಿ ನಿಲ್ಲುವವರು, ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುವವರು, ಬೈಕಿನಲ್ಲಿ ಊಟ ತಲುಪಿಸುವವರು, ಮದುವೆ ಸೀಸನ್ನಿನಲ್ಲಿ ಕಲ್ಯಾಣ ಮಂಟಪಗಳಲ್ಲಿ ಬಡಿಸಲು ಹೋಗುವವರು, ಲೆಕ್ಕಪರಿಶೋಧಕರ ಕಚೇರಿಯಲ್ಲಿ ಅರ್ಧ ದಿನ ಕೂರುವವರು, ಎಲ್ಲರೂ ಇದ್ದಾರೆ. ಇವರಲ್ಲಿ ಬಹುಪಾಲು ಮಂದಿ ತೆರಿಗೆ ಕಟ್ಟಬೇಕಾದವರಲ್ಲ. ಆದರೂ ತೆರಿಗೆಯ ವಿಷಯ ತಿಳಿಯದೆ ಹಣ ಕಳೆದುಕೊಳ್ಳುವವರು ಇವರೇ. ಇವರ ಕೈಗೆ ಬರುವ ಹಣ ಹೆಚ್ಚಿನವರ ವಿಷಯದಲ್ಲಿ ಸೆಮಿಸ್ಟರ್ ಶುಲ್ಕಕ್ಕೋ ರೂಮಿನ ಬಾಡಿಗೆಗೋ ಹೋಗುವಂಥದ್ದಾದ್ದರಿಂದ ಈ ನಷ್ಟ ಸಣ್ಣದೆಂದು ನನಗೆ ಎಂದೂ ಅನ್ನಿಸಿಲ್ಲ.

ಇಲ್ಲಿ ಕೊಡುವ ಮಿತಿ ಮತ್ತು ದರಗಳು 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಹಣಕಾಸು ವರ್ಷಕ್ಕೆ ಸಂಬಂಧಿಸಿದವು. ಆ ವರ್ಷದ ಆದಾಯಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯೇ ಅನ್ವಯಿಸುತ್ತದೆ.

ಕಾನೂನಿನಲ್ಲಿ ‘ವಿದ್ಯಾರ್ಥಿ’ ಎಂಬ ವರ್ಗವಿಲ್ಲ

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಆದಾಯ ತೆರಿಗೆ ಕಾಯ್ದೆಯು ದುಡಿಯುವವನು ಓದುತ್ತಿದ್ದಾನೆಯೇ ಇಲ್ಲವೇ ಎಂದು ನೋಡುವುದಿಲ್ಲ. ಕಾಲೇಜಿನ ಗುರುತಿನ ಚೀಟಿ ತೋರಿಸಿ ಪಡೆಯುವ ಬಸ್ ಪಾಸಿನಂತಹ ರಿಯಾಯಿತಿ ಇಲ್ಲಿಲ್ಲ. ಅರೆಕಾಲಿಕ, ಪೂರ್ಣಕಾಲಿಕ ಎಂಬ ಭೇದವೂ ಇಲ್ಲ. ಒಬ್ಬ ವ್ಯಕ್ತಿಗೆ ಒಂದು ವರ್ಷದಲ್ಲಿ ಎಲ್ಲ ಮೂಲಗಳಿಂದ ಬಂದ ಆದಾಯವನ್ನು ಕೂಡಿಸಿ, ಆ ಮೊತ್ತ ಯಾವ ಹಂತದಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ಕಾಯ್ದೆ ಕೇಳುತ್ತದೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ತೆರಿಗೆಯಿಂದ ಹೊರಗುಳಿಯುವುದು ಅವರು ವಿದ್ಯಾರ್ಥಿಗಳೆಂಬ ಕಾರಣಕ್ಕಲ್ಲ, ಅವರ ಗಳಿಕೆ ಮಿತಿಯೊಳಗೆ ಇರುತ್ತದೆ ಎಂಬ ಕಾರಣಕ್ಕೆ.

ಹಾಗಿದ್ದರೆ ಯಾವುದು ಆದಾಯ? ಮನೆಯಿಂದ ಅಪ್ಪ ಅಮ್ಮ ಕಳಿಸುವ ಹಣ ಆದಾಯವಲ್ಲ. ಅಜ್ಜಿ ಕೈಗಿಟ್ಟ ಹಣವಾಗಲಿ, ಅಣ್ಣ ಕೊಡಿಸಿದ ಲ್ಯಾಪ್‌ಟಾಪ್ ಆಗಲಿ ಲೆಕ್ಕಕ್ಕೆ ಬರುವುದಿಲ್ಲ. ಹತ್ತಿರದ ಬಂಧುಗಳು ಕೊಟ್ಟ ಹಣಕ್ಕೆ ಮಿತಿಯೇ ಇಲ್ಲ. ಬಂಧುಗಳಲ್ಲದವರಿಂದ ವರ್ಷದಲ್ಲಿ 50,000 ರೂಪಾಯಿಗಿಂತ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ ಮಾತ್ರ ಅದು ಪೂರ್ತಿಯಾಗಿ ಆದಾಯವೆನಿಸುತ್ತದೆ. ಶಿಕ್ಷಣದ ವೆಚ್ಚಕ್ಕೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ಸೆಕ್ಷನ್ 10(16)ರ ಅಡಿ ಸಂಪೂರ್ಣ ವಿನಾಯಿತಿಯಿದೆ. ಆದ್ದರಿಂದ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಬರುವ ಹಣವನ್ನು ಆದಾಯಕ್ಕೆ ಸೇರಿಸಬೇಕೇ ಎಂಬ ಆತಂಕ ಯಾರಿಗೂ ಬೇಡ.

ಸ್ಟೈಪೆಂಡ್ ಎಂಬ ಪದದಲ್ಲಿ ಮಾತ್ರ ಎಚ್ಚರ ಬೇಕು. ವಿದ್ಯಾರ್ಥಿವೇತನವನ್ನೂ ಸ್ಟೈಪೆಂಡ್ ಎನ್ನುತ್ತಾರೆ, ಇಂಟರ್ನ್‌ಶಿಪ್‌ಗೆ ಕೊಡುವ ಹಣವನ್ನೂ ಸ್ಟೈಪೆಂಡ್ ಎನ್ನುತ್ತಾರೆ. ಹೆಸರಿನಿಂದ ವಿನಾಯಿತಿ ಸಿಗುವುದಿಲ್ಲ, ಹಣವನ್ನು ಯಾತಕ್ಕಾಗಿ ಕೊಟ್ಟರು ಎಂಬುದು ಮುಖ್ಯ. ಓದಿನ ಖರ್ಚಿಗೆಂದು ಕೊಟ್ಟದ್ದಾದರೆ ವಿನಾಯಿತಿ ಉಂಟು. ಮಾಡಿದ ಕೆಲಸಕ್ಕೆ ಪ್ರತಿಯಾಗಿ ಕೊಟ್ಟದ್ದಾದರೆ ಅದು ಆದಾಯ. ಕೊನೆಯ ಸೆಮಿಸ್ಟರಿನಲ್ಲಿ ಕಂಪನಿಯೊಂದರಲ್ಲಿ ಆರು ತಿಂಗಳು ಕೆಲಸ ಮಾಡಿ ತಿಂಗಳಿಗೆ 20,000 ರೂಪಾಯಿ ಪಡೆದ ಇಂಟರ್ನ್ ಅದನ್ನು ವಿದ್ಯಾರ್ಥಿವೇತನವೆಂದು ತೋರಿಸಲು ಹೋಗಬಾರದು. ಹಾಗೆ ತೋರಿಸುವ ಅಗತ್ಯವೂ ಅವನಿಗಿಲ್ಲ, ಏಕೆಂದರೆ 1,20,000 ರೂಪಾಯಿಗೆ ಹೇಗೂ ತೆರಿಗೆ ಬೀಳುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಕೃಷಿಯದು. ಚನ್ನಗಿರಿ ಕಡೆಯ ಅಡಿಕೆ ತೋಟದಿಂದಲೋ ಭದ್ರಾ ನಾಲೆಯ ಭತ್ತದ ಗದ್ದೆಯಿಂದಲೋ ಬರುವ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಅದಕ್ಕೂ ಮೊದಲಿನ ಮಾತೆಂದರೆ, ಅಪ್ಪನ ಹೆಸರಿನ ತೋಟದ ಆದಾಯ ಅಪ್ಪನದೇ ಹೊರತು ಮಗನದಲ್ಲ. ಜಮೀನು ವಿದ್ಯಾರ್ಥಿಯ ಹೆಸರಿನಲ್ಲೇ ಇದ್ದು, ಕೃಷಿ ಆದಾಯ 5,000 ರೂಪಾಯಿ ಮೀರಿ, ಜೊತೆಗೆ ಉಳಿದ ಆದಾಯವೂ ಮೂಲ ವಿನಾಯಿತಿ ಮಿತಿಯನ್ನು, ಅಂದರೆ ತೆರಿಗೆಯೇ ಇಲ್ಲದ ಮೊದಲ ಹಂತವನ್ನು, ದಾಟಿದರೆ ಮಾತ್ರ, ತೆರಿಗೆಯ ದರವನ್ನು ನಿರ್ಧರಿಸುವಾಗ ಕೃಷಿ ಆದಾಯವನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ.

ಹದಿನೆಂಟು ತುಂಬದ ಪಿಯು ವಿದ್ಯಾರ್ಥಿಗಳ ಲೆಕ್ಕ ಸ್ವಲ್ಪ ಬೇರೆ. ಅಪ್ರಾಪ್ತ ವಯಸ್ಕರ ಆದಾಯವನ್ನು ತಂದೆ ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯಕ್ಕೆ ಸೇರಿಸಬೇಕೆಂಬುದು ಸಾಮಾನ್ಯ ನಿಯಮ. ಅಜ್ಜ ಮೊಮ್ಮಗಳ ಹೆಸರಿನಲ್ಲಿ ಇಟ್ಟ ಠೇವಣಿಯ ಬಡ್ಡಿ ಹೀಗೆ ಅಪ್ಪನ ಲೆಕ್ಕಕ್ಕೆ ಹೋಗುತ್ತದೆ. ಆದರೆ ಆ ಹುಡುಗಿ ತನ್ನ ಸ್ವಂತ ದುಡಿಮೆಯಿಂದ, ಕೌಶಲದಿಂದ ಅಥವಾ ಪ್ರತಿಭೆಯಿಂದ ಗಳಿಸಿದ್ದು ಅವಳದೇ ಆದಾಯ, ಅದನ್ನು ಹೆತ್ತವರ ಆದಾಯಕ್ಕೆ ಸೇರಿಸುವಂತಿಲ್ಲ. ಭರತನಾಟ್ಯ ಕಾರ್ಯಕ್ರಮ ಕೊಟ್ಟು ಸಂಭಾವನೆ ಪಡೆದ ಹದಿನಾರರ ಹುಡುಗಿಯ ಹಣ ಅವಳದೇ ಎಂದು ಕಾನೂನು ಒಪ್ಪಿಕೊಳ್ಳುತ್ತದೆ.

ನಾಲ್ಕು ಲಕ್ಷ, ಹನ್ನೆರಡು ಲಕ್ಷ: ಎರಡು ಸಂಖ್ಯೆಗಳ ನಡುವಿನ ಅಂತರ

2025ರ ಬಜೆಟ್ಟಿನ ನಂತರ ‘ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬ ಮಾತು ಮನೆಮಾತಾಯಿತು. ಮಾತು ತಪ್ಪಲ್ಲ, ಆದರೆ ಅದನ್ನು ಅರ್ಥ ಮಾಡಿಕೊಂಡ ರೀತಿ ಅನೇಕರ ವಿಷಯದಲ್ಲಿ ತಪ್ಪಾಗಿದೆ. ಹನ್ನೆರಡು ಲಕ್ಷದವರೆಗೆ ತೆರಿಗೆಯಿಲ್ಲವಾದರೆ ರಿಟರ್ನ್ಸ್, ಅಂದರೆ ವರ್ಷದ ಆದಾಯದ ಲೆಕ್ಕವನ್ನು ಇಲಾಖೆಗೆ ಒಪ್ಪಿಸುವ ನಮೂನೆ, ಸಲ್ಲಿಸುವ ಗೊಡವೆಯೂ ಇಲ್ಲ ಎಂದು ಅವರು ಭಾವಿಸುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತುಹೋಗಿವೆ, ಅವನ್ನು ಬಿಡಿಸಿ ನೋಡುವುದು ಅಗತ್ಯ.

ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷ ರೂಪಾಯಿ ಆದಾಯಕ್ಕೆ ತೆರಿಗೆಯ ದರವೇ ಇಲ್ಲ. ಇದು ಮೂಲ ವಿನಾಯಿತಿ ಮಿತಿ. 4 ಲಕ್ಷದಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ. 5, 8 ಲಕ್ಷದಿಂದ 12 ಲಕ್ಷದವರೆಗಿನ ಭಾಗಕ್ಕೆ ಶೇ. 10, ಹೀಗೆ ಹಂತ ಹಂತವಾಗಿ ಏರಿ 24 ಲಕ್ಷ ದಾಟಿದ ಭಾಗಕ್ಕೆ ಶೇ. 30 ದರವಿದೆ. ಒಂದು ಹಂತ ದಾಟಿದೊಡನೆ ಇಡೀ ಆದಾಯಕ್ಕೆ ಹೆಚ್ಚಿನ ದರ ಬೀಳುತ್ತದೆ ಎಂಬ ಭಯ ಬೇಡ, ಆ ಹಂತವನ್ನು ಮೀರಿದ ಭಾಗಕ್ಕೆ ಮಾತ್ರ ಆ ದರ. ಹೀಗೆ ಲೆಕ್ಕ ಹಾಕಿ ತೆರಿಗೆ ಎಷ್ಟೆಂದು ಗೊತ್ತಾದ ಮೇಲೆ, ತೆರಿಗೆಗೊಳಪಡುವ ಆದಾಯ 12 ಲಕ್ಷದೊಳಗಿದ್ದರೆ ಸೆಕ್ಷನ್ 87ಎ ಪ್ರಕಾರ 60,000 ರೂಪಾಯಿಯವರೆಗೆ ರಿಬೇಟ್ ಕೊಟ್ಟು ಆ ತೆರಿಗೆಯನ್ನು ಸೊನ್ನೆ ಮಾಡುತ್ತಾರೆ. ಅಂದರೆ 4 ಲಕ್ಷದೊಳಗಿನವನಿಗೆ ತೆರಿಗೆ ಹುಟ್ಟುವುದೇ ಇಲ್ಲ, ನಾಲ್ಕರಿಂದ ಹನ್ನೆರಡು ಲಕ್ಷದ ನಡುವಿನವನಿಗೆ ಹುಟ್ಟಿದ ತೆರಿಗೆ ಮನ್ನಾ ಆಗುತ್ತದೆ. ಮನ್ನಾ ಆಗಬೇಕಾದರೆ ಲೆಕ್ಕ ಒಪ್ಪಿಸಬೇಕು. ರಿಟರ್ನ್ಸ್ ಸಲ್ಲಿಸುವ ಕಡ್ಡಾಯ ಕರ್ತವ್ಯ 12 ಲಕ್ಷದಲ್ಲಲ್ಲ, 4 ಲಕ್ಷ ದಾಟಿದಾಗಲೇ ಶುರುವಾಗುತ್ತದೆ.

ಉದಾಹರಣೆಗೆ, ದೂರಶಿಕ್ಷಣದಲ್ಲಿ ಎಂ.ಕಾಂ. ಓದುತ್ತಾ ಖಾಸಗಿ ಕಚೇರಿಯೊಂದರಲ್ಲಿ ಕೆಲಸ ಮಾಡುವ ಯುವತಿಯ ವಾರ್ಷಿಕ ವೇತನ 5,20,000 ರೂಪಾಯಿ ಎಂದಿಟ್ಟುಕೊಳ್ಳಿ. ವೇತನದಾರರಿಗೆ ಹೊಸ ಪದ್ಧತಿಯಲ್ಲಿ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ರೂಪಾಯಿಯನ್ನು ಕಳೆದರೆ ಉಳಿಯುವುದು 4,45,000. ಇದರಲ್ಲಿ ಮೊದಲ 4 ಲಕ್ಷ ಬಿಟ್ಟು ಉಳಿದ 45,000ಕ್ಕೆ ಶೇ. 5ರಂತೆ ತೆರಿಗೆ 2,250 ರೂಪಾಯಿ. ರಿಬೇಟ್ ಬಂದು ಅದು ಸೊನ್ನೆಯಾಗುತ್ತದೆ. ಅವಳು ಕಟ್ಟಬೇಕಾದದ್ದು ಏನೂ ಇಲ್ಲ, ಆದರೆ ರಿಟರ್ನ್ಸ್ ಸಲ್ಲಿಸಲೇಬೇಕು. ಗಡುವು ಮೀರಿ ಸಲ್ಲಿಸಿದರೆ, ಒಟ್ಟು ಆದಾಯ 5 ಲಕ್ಷ ಮೀರದ ಕಾರಣ 1,000 ರೂಪಾಯಿ ವಿಳಂಬ ಶುಲ್ಕ ಬೀಳುತ್ತದೆ. ಆದಾಯ 5 ಲಕ್ಷ ದಾಟಿದವರಿಗೆ ಇದೇ ಶುಲ್ಕ 5,000 ರೂಪಾಯಿ. ತೆರಿಗೆಯೇ ಇಲ್ಲದವರು ಅಸಡ್ಡೆಯಿಂದಾಗಿ ಶುಲ್ಕ ಕಟ್ಟುವುದನ್ನು ಕಂಡಾಗ ಬೇಸರವಾಗುತ್ತದೆ.

ಹಳೆಯ ಪದ್ಧತಿ ಇನ್ನೂ ಇದೆ. ಅದರಲ್ಲಿ ಮೂಲ ವಿನಾಯಿತಿ 2.5 ಲಕ್ಷ, ರಿಬೇಟ್ 5 ಲಕ್ಷದ ಆದಾಯದವರೆಗೆ. ಓದುತ್ತಾ ದುಡಿಯುವವರಿಗೆ ಅದರಿಂದ ಲಾಭ ಬಹಳ ವಿರಳ. ಕಾಲೇಜು ಶುಲ್ಕವನ್ನು ತನ್ನ ಆದಾಯದಿಂದ ಕಳೆಯಬಹುದೇ ಎಂದು ವಿದ್ಯಾರ್ಥಿಗಳು ಆಸೆಯಿಂದ ಕೇಳುತ್ತಾರೆ. ಹಾಗೆ ಕಳೆಯಲು ಬರುವುದಿಲ್ಲ. ಬೋಧನಾ ಶುಲ್ಕಕ್ಕೆ ಸೆಕ್ಷನ್ 80ಸಿ ಅಡಿ ಸಿಗುವ ಕಡಿತ ಮಕ್ಕಳ ಶುಲ್ಕ ಕಟ್ಟುವ ಹೆತ್ತವರಿಗೆ, ಅದೂ ಹಳೆಯ ಪದ್ಧತಿಯಲ್ಲಿ ಮಾತ್ರ.

ಮೂಲದಲ್ಲೇ ಕಡಿತ ಎಂದರೇನು

ಈಗ ಮೊದಲು ಹೇಳಿದ 1,200 ರೂಪಾಯಿಗೆ ಬರೋಣ. ಮೂಲದಲ್ಲೇ ತೆರಿಗೆ ಕಡಿತ, ಅಂದರೆ ಟಿಡಿಎಸ್, ತೆರಿಗೆಯಲ್ಲ, ತೆರಿಗೆಯ ಮುಂಗಡ. ಹಣ ಕೊಡುವವನೇ ಒಂದು ಪಾಲನ್ನು ಹಿಡಿದುಕೊಂಡು, ಪಡೆಯುವವನ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಸರ್ಕಾರಕ್ಕೆ ಜಮಾ ಮಾಡುತ್ತಾನೆ. ಕೊಡುವವನಿಗೆ ಪಡೆಯುವವನ ವರ್ಷದ ಒಟ್ಟು ಆದಾಯ ಎಷ್ಟೆಂದು ಗೊತ್ತಿರುವುದಿಲ್ಲ, ಗೊತ್ತುಮಾಡಿಕೊಳ್ಳುವ ಜವಾಬ್ದಾರಿಯೂ ಅವನದಲ್ಲ. ವೇತನವನ್ನು ಬಿಟ್ಟು ಉಳಿದ ಪಾವತಿಗಳಲ್ಲಿ ಅವನು ನಿಗದಿತ ದರದಲ್ಲಿ ಕುರುಡಾಗಿ ಕಡಿತ ಮಾಡುತ್ತಾನೆ. ನಿಜವಾದ ಲೆಕ್ಕ ತೀರುವುದು ವರ್ಷ ಮುಗಿದ ಮೇಲೆ, ರಿಟರ್ನ್ಸ್ ಮೂಲಕ.

ವೇತನದ ವಿಷಯ ಬೇರೆ. ಅಲ್ಲಿ ಉದ್ಯೋಗದಾತ ಇಡೀ ವರ್ಷದ ಸಂಬಳವನ್ನು ಅಂದಾಜು ಮಾಡಿ, ತೆರಿಗೆ ಬೀಳುವಂತಿದ್ದರೆ ಮಾತ್ರ ಕಡಿತ ಮಾಡಬೇಕು. ಸಂಜೆ ಹೊತ್ತು ಬಟ್ಟೆ ಅಂಗಡಿಯಲ್ಲಿ ದುಡಿದು ತಿಂಗಳಿಗೆ 9,000 ರೂಪಾಯಿ ಪಡೆಯುವವಳ ವರ್ಷದ ವೇತನ 1,08,000, ಅಲ್ಲಿ ಆದಾಯ ತೆರಿಗೆಯ ಹೆಸರಿನಲ್ಲಿ ಏನನ್ನೂ ಹಿಡಿಯುವಂತಿಲ್ಲ. ಆದರೂ ಕೈಗೆ ಬರುವ ಸಂಬಳ ಕಡಿಮೆಯಿದ್ದರೆ ಸಂಬಳದ ಚೀಟಿಯನ್ನು ಕೇಳಿ ಪಡೆದು ಓದಬೇಕು. ಭವಿಷ್ಯ ನಿಧಿಗೆ ಶೇ. 12, ಇಎಸ್‌ಐ ಎಂಬ ನೌಕರರ ವಿಮೆಗೆ ಶೇ. 0.75 ಕಡಿತವಾಗಿರಬಹುದು, ಅವು ತೆರಿಗೆಯಲ್ಲ. ವೃತ್ತಿ ತೆರಿಗೆ ಎಂಬುದು ರಾಜ್ಯ ಸರ್ಕಾರದ್ದು. ಕರ್ನಾಟಕದಲ್ಲಿ ತಿಂಗಳ ವೇತನ 25,000 ರೂಪಾಯಿ ಮುಟ್ಟದವರಿಗೆ ಅದು ಅನ್ವಯಿಸುವುದೇ ಇಲ್ಲ.

ವೃತ್ತಿಪರ ಶುಲ್ಕವೆಂದು ಪರಿಗಣಿಸಿದ ಪಾವತಿಗೆ ಸೆಕ್ಷನ್ 194ಜೆ ಪ್ರಕಾರ ಸಾಮಾನ್ಯವಾಗಿ ಶೇ. 10 ಕಡಿತವಾಗುತ್ತದೆ, ವರ್ಷದ ಮೊತ್ತ 50,000 ರೂಪಾಯಿ ಮೀರಿದರೆ. ನಮ್ಮ ವಿಡಿಯೊ ಎಡಿಟರ್‌ಗೆ ಆದದ್ದು ಇದೇ. ಮೊತ್ತ ಮಿತಿ ಮೀರುವುದು ಖಚಿತವೆಂದು ಸಂಸ್ಥೆ ಮೊದಲ ತಿಂಗಳಿನಿಂದಲೇ ಹಿಡಿಯತೊಡಗಿತು. ಗುತ್ತಿಗೆ ಕೆಲಸವೆಂದು ಪರಿಗಣಿಸಿದರೆ ವ್ಯಕ್ತಿಗಳಿಗೆ ಶೇ. 1, ಒಂದೇ ಪಾವತಿ 30,000 ಅಥವಾ ವರ್ಷದ ಮೊತ್ತ 1 ಲಕ್ಷ ದಾಟಿದಾಗ. ಕಮಿಷನ್ ಆದರೆ ಶೇ. 2, ವರ್ಷಕ್ಕೆ 20,000 ದಾಟಿದಾಗ. ಪ್ಯಾನ್ ಕೊಡದಿದ್ದರೆ ಇವೆಲ್ಲದರ ಬದಲು ಶೇ. 20 ಕಡಿತವಾಗುತ್ತದೆ. ಪ್ಯಾನ್ ಇಲ್ಲದೆ ಹಿಡಿದ ಹಣ ಯಾರ ಹೆಸರಿಗೂ ಜಮಾ ಆಗುವುದಿಲ್ಲವಾದ್ದರಿಂದ ಅದನ್ನು ಮರಳಿ ಪಡೆಯುವುದೂ ಕಷ್ಟ. ಆಧಾರ್ ಇರುವ ವಯಸ್ಕರಿಗೆ ಇ-ಫೈಲಿಂಗ್ ಜಾಲತಾಣದಲ್ಲಿ ಇ-ಪ್ಯಾನ್ ಉಚಿತವಾಗಿ ಸಿಗುತ್ತದೆ. ಹೊರಗಿನ ಸಂಸ್ಥೆಗೆ ಕೆಲಸ ಮಾಡಿಕೊಡಲು ಒಪ್ಪುವ ಮೊದಲೇ ಅದನ್ನು ಮಾಡಿಸಿಕೊಳ್ಳಬೇಕು.

ಬ್ಯಾಂಕ್ ಠೇವಣಿಯ ಬಡ್ಡಿಯ ಮೇಲಿನ ಕಡಿತವನ್ನು, ತನಗೆ ತೆರಿಗೆ ಬೀಳುವುದಿಲ್ಲವೆಂದು ಘೋಷಿಸುವ 15ಜಿ ನಮೂನೆ ಕೊಟ್ಟು ಮೊದಲೇ ತಡೆಯಬಹುದು. ಅದೇ ನಮೂನೆಯನ್ನು ಎಡಿಟಿಂಗ್ ಶುಲ್ಕಕ್ಕೂ ಕೊಡಬಹುದೆಂದು ಕೆಲವರು ತಿಳಿದಿದ್ದಾರೆ. ವೃತ್ತಿಪರ ಶುಲ್ಕಕ್ಕೆ ಅದು ನಡೆಯುವುದಿಲ್ಲ. ಅಲ್ಲಿ ಕಡಿತವಾಗಲು ಬಿಟ್ಟು ಆಮೇಲೆ ರೀಫಂಡ್ ಕೇಳುವುದೇ ವಿದ್ಯಾರ್ಥಿಗಳಿಗೆ ಸುಲಭದ ದಾರಿ.

ಸಂಬಳವೋ, ಸ್ವಂತ ವೃತ್ತಿಯೋ

ಒಬ್ಬರ ಅಂಗಡಿಯಲ್ಲಿ ಅವರು ಹೇಳಿದ ಹೊತ್ತಿಗೆ ಹೋಗಿ ಕೆಲಸ ಮಾಡಿದರೆ ಬರುವುದು ವೇತನ. ತನ್ನ ಹೊತ್ತಿಗೆ, ತನ್ನ ಸಲಕರಣೆಯಿಂದ, ಇಷ್ಟು ಕೆಲಸಕ್ಕೆ ಇಷ್ಟು ಎಂದು ಮಾಡಿಕೊಟ್ಟರೆ ಬರುವುದು ವ್ಯಾಪಾರ ಅಥವಾ ವೃತ್ತಿಯ ಆದಾಯ. ಮನೆಯಲ್ಲಿ ಹೇಳುವ ಟ್ಯೂಷನ್, ಬೈಕ್ ಮೇಲಿನ ಡೆಲಿವರಿ, ಮದುವೆ ಫೋಟೊಗ್ರಫಿ ಎಲ್ಲವೂ ಈ ಎರಡನೆಯ ಗುಂಪಿಗೆ ಸೇರುತ್ತವೆ. ಇದು ಹೆಸರಿನ ವ್ಯತ್ಯಾಸವಷ್ಟೇ ಅಲ್ಲ. ವೇತನಕ್ಕೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಉಂಟು, ವೃತ್ತಿ ಆದಾಯಕ್ಕೆ ಅದಿಲ್ಲ. ಬದಲಿಗೆ ಆ ಕೆಲಸಕ್ಕೆಂದೇ ಮಾಡಿದ ನಿಜವಾದ ಖರ್ಚನ್ನು ಕಳೆಯಬಹುದು.

ಶಾಮನೂರು ರಸ್ತೆಯಿಂದ ಹದಡಿ ರಸ್ತೆಯವರೆಗೆ ಸಂಜೆಯಿಂದ ರಾತ್ರಿಯವರೆಗೂ ಓಡಾಡುವ ಡೆಲಿವರಿ ಹುಡುಗನಿಗೆ ವರ್ಷದಲ್ಲಿ 1,80,000 ರೂಪಾಯಿ ಬಂದಿದೆ, ಪೆಟ್ರೋಲು, ಸರ್ವಿಸು, ಟೈರು, ಮೊಬೈಲ್ ರೀಚಾರ್ಜ್‌ಗೆ 65,000 ಹೋಗಿದೆ ಎಂದರೆ, ಅವನ ಆದಾಯ 1,80,000 ಅಲ್ಲ, 1,15,000. ಈ ಸರಳ ಸಂಗತಿಯನ್ನು ಆ ಹುಡುಗರಿಗೆ ಯಾರೂ ಹೇಳಿರುವುದಿಲ್ಲ. ಖಾತೆಗೆ ಬಂದದ್ದೆಲ್ಲ ತಮ್ಮ ಆದಾಯವೆಂದೇ ಅವರು ತಿಳಿದಿರುತ್ತಾರೆ. ಬೈಕು ಮನೆಯ ಕೆಲಸಕ್ಕೂ ಬಳಕೆಯಾಗುತ್ತಿದ್ದರೆ ಖರ್ಚಿನಲ್ಲಿ ಡೆಲಿವರಿಯ ಪಾಲನ್ನಷ್ಟೇ ತೆಗೆದುಕೊಳ್ಳಬೇಕು. ಪೆಟ್ರೋಲ್ ಬಂಕಿನ ಚೀಟಿಗಳನ್ನೋ ಫೋನಿನ ಮೂಲಕ ಕೊಟ್ಟ ಹಣದ ವಿವರವನ್ನೋ ಉಳಿಸಿಕೊಂಡರೆ ಸಾಕು, ದೊಡ್ಡ ಲೆಕ್ಕಪುಸ್ತಕ ಬೇಕಿಲ್ಲ. ಬಡಿಸುವ ಕೆಲಸದಲ್ಲಿ ಕೈಗೆ ನಗದಾಗಿ ಬರುವ ಹಣವೂ ಆದಾಯವೇ. ಅದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಜಿಎಸ್‌ಟಿಯ ಚಿಂತೆ ಇವರಾರಿಗೂ ಬೇಡ, ಸೇವೆಗಳಿಗೆ ಅದರ ನೋಂದಣಿ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದವರಿಗೆ.

ರಿಟರ್ನ್ಸ್ ನಮೂನೆಯೂ ಇದನ್ನೇ ಅವಲಂಬಿಸಿದೆ. ವೇತನ ಮತ್ತು ಬ್ಯಾಂಕ್ ಬಡ್ಡಿ ಮಾತ್ರ ಇದ್ದವರಿಗೆ ಐಟಿಆರ್-1, ಅಂದರೆ ಸಹಜ್. ವೃತ್ತಿ ಆದಾಯವಿದ್ದವರು ಅದನ್ನು ಬಳಸುವಂತಿಲ್ಲ. ಅವರು ಐಟಿಆರ್-3 ಸಲ್ಲಿಸಬೇಕು. ಖರ್ಚಿನ ವಿವರ ಕೊಡದೆ ಅಂದಾಜು ಲಾಭವನ್ನು ತೋರಿಸುವ ಯೋಜನೆಗೆ ತಮ್ಮ ಕೆಲಸ ಒಳಪಡುವುದಾದರೆ ಐಟಿಆರ್-4, ಅಂದರೆ ಸುಗಮ್ ಸಾಕು. ಎಂಜಿನಿಯರಿಂಗ್, ಲೆಕ್ಕಪತ್ರ, ತಾಂತ್ರಿಕ ಸಲಹೆ ಮುಂತಾದ ನಿಗದಿತ ವೃತ್ತಿಗಳಿಗೆ ಆ ಯೋಜನೆಯಲ್ಲಿ ಬಂದ ಹಣದ ಕನಿಷ್ಠ ಅರ್ಧವನ್ನು ಲಾಭವೆಂದು ತೋರಿಸಬೇಕು. ಸುಲಭವೆಂದು ವೃತ್ತಿ ಆದಾಯವನ್ನು ‘ಇತರ ಮೂಲ’ ಎಂದು ಬರೆದು ಸಹಜ್ ಸಲ್ಲಿಸುವ ಅಭ್ಯಾಸ ಸರಿಯಲ್ಲ. ಟಿಡಿಎಸ್ ಯಾವ ಸೆಕ್ಷನ್ನಿನಲ್ಲಿ ಆಗಿದೆಯೆಂಬುದು ಇಲಾಖೆಯ ಮುಂದೆ ಇರುವುದರಿಂದ ಹೊಂದಿಕೆಯಾಗದ ರಿಟರ್ನ್ಸ್‌ಗೆ ನೋಟಿಸು ಬಂದು ರೀಫಂಡ್ ತಡೆಯಾಗಬಹುದು.

ಇಷ್ಟೆಲ್ಲ ಮಿತಿಗಳ ಆಶ್ರಯ ದೊರಕದ ಆದಾಯವೂ ಇದೆ. ಲಾಟರಿ ಅಥವಾ ಆನ್‌ಲೈನ್ ಆಟದ ಗೆಲುವಿಗೂ, ಕ್ರಿಪ್ಟೊ ಮಾರಿದ ಲಾಭಕ್ಕೂ ಮೊದಲ ರೂಪಾಯಿಯಿಂದಲೇ ಶೇ. 30 ತೆರಿಗೆಯಿದೆ, ಆ ತೆರಿಗೆಯ ಮೇಲೆ ಶೇ. 4 ಸೆಸ್. ಮೂಲ ವಿನಾಯಿತಿಯೂ ರಿಬೇಟೂ ಅಲ್ಲಿ ಸಿಗುವುದಿಲ್ಲ. ಒಂದು ಕ್ರಿಪ್ಟೊದಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯಲೂ ಬಿಡುವುದಿಲ್ಲ. ತೆರಿಗೆಯ ಮಟ್ಟಿಗೆ ವಿದ್ಯಾರ್ಥಿಗಳು ನಿಜಕ್ಕೂ ಸಿಕ್ಕಿಬೀಳುವ ಜಾಗ ಇದೊಂದೇ.

ಮನೆಯವರ ಭಯ

ಮರಳಿ ಸಿಗುವ ಹಣವಿದೆಯೆಂದು ತಿಳಿದ ಮೇಲೂ ಕೆಲವರು ಹಿಂಜರಿಯುವುದಕ್ಕೆ ಕಾರಣ ಮನೆಯಲ್ಲಿರುತ್ತದೆ. ಮಗ ಐಟಿ ಫೈಲ್ ಮಾಡಿದರೆ ಬಿಪಿಎಲ್ ಕಾರ್ಡ್ ಹೋದೀತು, ಅಮ್ಮನ ಗೃಹಲಕ್ಷ್ಮಿ ನಿಂತೀತು, ತಂಗಿಯ ವಿದ್ಯಾರ್ಥಿವೇತನಕ್ಕೆ ತೊಂದರೆಯಾದೀತು ಎಂಬ ಭಯ. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತಿಂಗಳ ಅಕ್ಕಿ ಮತ್ತು 2,000 ರೂಪಾಯಿ ಅನೇಕ ಮನೆಗಳಲ್ಲಿ ಎಷ್ಟು ಮುಖ್ಯವೆಂಬುದನ್ನು ಬಲ್ಲವರಿಗೆ ಅದರ ಮೂಲವೂ ಗೊತ್ತು.

ಗೃಹಲಕ್ಷ್ಮಿ ಯೋಜನೆಯ ನಿಯಮ ಮನೆಯ ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿಸುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಅವರನ್ನು ಹೊರಗಿಡುತ್ತದೆ. ಅದು ಮಕ್ಕಳ ಮಾತನ್ನು ಆಡುವುದಿಲ್ಲ. ಪಡಿತರ ಚೀಟಿಯ ವಿಷಯದಲ್ಲಿ ಇಡೀ ಕುಟುಂಬದ ಆದಾಯವೂ ಒಂದು ಅಳತೆಗೋಲಾದ್ದರಿಂದ, ಮಗನ ಗಳಿಕೆ ಅದರಲ್ಲಿ ಸೇರುವುದು ಅವನು ರಿಟರ್ನ್ಸ್ ಸಲ್ಲಿಸಿದ ಕಾರಣಕ್ಕಲ್ಲ, ಅವನು ಗಳಿಸಿದ ಕಾರಣಕ್ಕೆ. ರಿಟರ್ನ್ಸ್ ಸಲ್ಲಿಸದೆ ಉಳಿದರೆ ಗಳಿಕೆ ಮರೆಯಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಟಿಡಿಎಸ್ ಆದ ಪ್ರತಿ ಪಾವತಿಯೂ ಅವನ ಪ್ಯಾನ್ ಅಡಿ ಆಗಲೇ ದಾಖಲಾಗಿರುತ್ತದೆ. ತೆರಿಗೆ ಪಾವತಿಸುವುದು ಬೇರೆ, ರಿಟರ್ನ್ಸ್ ಸಲ್ಲಿಸುವುದು ಬೇರೆ. ಸೊನ್ನೆ ತೆರಿಗೆಯ ರಿಟರ್ನ್ಸ್ ಸಲ್ಲಿಸಿ ಕಡಿತವಾದ ಹಣ ಹಿಂಪಡೆದವನು ತೆರಿಗೆ ಕಟ್ಟಿದವನಲ್ಲ. ಆದರೂ ಅನುಮಾನವಿರುವ ಕುಟುಂಬಗಳು ಆಹಾರ ಇಲಾಖೆಯ ಕಚೇರಿಯಲ್ಲಿ ತಮ್ಮ ಕಾರ್ಡಿನ ಸ್ಥಿತಿಯನ್ನು ಮೊದಲೇ ವಿಚಾರಿಸಿಕೊಳ್ಳಲಿ ಎಂಬುದು ನನ್ನ ಸಲಹೆ.

ಕೇಳಿ ಪಡೆಯುವ ಕ್ರಮ

ಮಾರ್ಚ್ ಮುಗಿದ ಮೇಲೆ ಮಾಡಬೇಕಾದ ಮೊದಲ ಕೆಲಸ, ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆಯಿಂದ ಖಾತೆ ತೆರೆದು 26ಎಎಸ್ ಎಂಬ ವಿವರಣೆಯನ್ನೂ, ಎಐಎಸ್ ಎಂದು ಕರೆಯುವ ವಾರ್ಷಿಕ ಮಾಹಿತಿ ಪಟ್ಟಿಯನ್ನೂ ನೋಡುವುದು. ಯಾರು, ಯಾವಾಗ, ಎಷ್ಟು ಕಡಿತ ಮಾಡಿ ಜಮಾ ಮಾಡಿದ್ದಾರೆ ಎಂಬುದು ಅಲ್ಲಿರುತ್ತದೆ. ಸಂಸ್ಥೆ ಹಣ ಹಿಡಿದಿದ್ದರೂ ಅಲ್ಲಿ ಕಾಣಿಸದಿದ್ದರೆ, ಅವರು ಜಮಾ ಮಾಡಿಲ್ಲ ಅಥವಾ ಪ್ಯಾನ್ ಸಂಖ್ಯೆಯನ್ನು ತಪ್ಪಾಗಿ ನಮೂದಿಸಿದ್ದಾರೆ ಎಂದರ್ಥ. ಆಗ ಅವರಿಗೆ ಬರೆದು, ಕಡಿತದ ವಿವರವಿರುವ 16ಎ ಪ್ರಮಾಣಪತ್ರವನ್ನು ಕೇಳಬೇಕು. ವೇತನದಾರರಿಗೆ ಇದೇ ರೀತಿಯ ಪತ್ರ ಫಾರಂ 16. ತಮ್ಮದಲ್ಲದ ವ್ಯವಹಾರ ಎಐಎಸ್‌ನಲ್ಲಿ ಕಂಡರೆ ಅಲ್ಲಿಯೇ ಆಕ್ಷೇಪ ದಾಖಲಿಸಲು ಅವಕಾಶವಿದೆ. ಈ ಸಂದರ್ಭದಲ್ಲೇ ಹೇಳಬೇಕಾದ ಮಾತು: ಪರಿಚಿತರು ಸ್ವಲ್ಪ ಕಮಿಷನ್ ಕೊಡುತ್ತೇವೆಂದು ಹೇಳಿ ಹಣ ದಾಟಿಸಲು ನಿಮ್ಮ ಬ್ಯಾಂಕ್ ಖಾತೆಯನ್ನು ಕೇಳಿದರೆ ದಯವಿಟ್ಟು ಒಪ್ಪಬೇಡಿ. ಆ ಹಣದ ಲೆಕ್ಕ ಕೇಳುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರನ್ನೇ, ಅದು ವಂಚನೆಯ ಹಣವಾಗಿದ್ದರೆ ತೆರಿಗೆ ಇಲಾಖೆಗಿಂತ ಮೊದಲು ಪೊಲೀಸರೇ ಬರುತ್ತಾರೆ.

ನಮ್ಮ ಕಡೆಯವರಿಗೆ ಅಡ್ಡಿಯಾಗುವ ಇನ್ನೊಂದು ಸಂಗತಿ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ಲು, ಆಧಾರ್‌ನಲ್ಲಿ ಅಪ್ಪನ ಹೆಸರಿನ ಜೊತೆ ಪೂರ್ಣ ರೂಪ, ಪ್ಯಾನ್‌ನಲ್ಲಿ ಇನಿಷಿಯಲ್ಲನ್ನು ಬಿಡಿಸಿದ ಮತ್ತೊಂದು ರೂಪ, ಬ್ಯಾಂಕಿನಲ್ಲಿ ನಾಲ್ಕನೆಯದು. ರೀಫಂಡ್ ಬರುವ ಖಾತೆಯನ್ನು ಜಾಲತಾಣದಲ್ಲಿ ಮೊದಲೇ ದೃಢೀಕರಿಸಬೇಕಾಗುತ್ತದೆ, ಪ್ಯಾನ್ ಮತ್ತು ಬ್ಯಾಂಕಿನ ಹೆಸರು ತಾಳೆಯಾಗದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಪ್ಯಾನ್ ಮತ್ತು ಆಧಾರ್ ಜೋಡಣೆಯಾಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೂ ರೀಫಂಡ್ ಬಿಡುಗಡೆಯಾಗದು. ಗಡುವಿನ ವಾರದಲ್ಲಿ ಇದನ್ನು ಸರಿಪಡಿಸಲು ಹೊರಟರೆ ಆಗುವ ಕೆಲಸವಲ್ಲ, ಏಪ್ರಿಲ್ ಮೇ ತಿಂಗಳಲ್ಲೇ ನೋಡಿಕೊಳ್ಳಬೇಕು.

ವೇತನದವರ ಮಾಮೂಲು ಗಡುವು ಜುಲೈ 31. ಇಲಾಖೆ ಕೆಲವು ವರ್ಷ ಅದನ್ನು ವಿಸ್ತರಿಸಿದ್ದುಂಟು, ಆದರೆ ಜುಲೈ 31ನ್ನೇ ಗಡುವೆಂದು ಮನಸ್ಸಿನಲ್ಲಿಟ್ಟುಕೊಂಡರೆ ಯಾರಿಗೂ ತಪ್ಪಾಗದು. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕವೋ ಬೇರೆ ವಿಧಾನದಿಂದಲೋ ದೃಢೀಕರಿಸಬೇಕು. ತಡವಾದರೆ ದೃಢೀಕರಿಸಿದ ದಿನವನ್ನೇ ಸಲ್ಲಿಸಿದ ದಿನವೆಂದು ಎಣಿಸುತ್ತಾರೆ, ದೃಢೀಕರಿಸದೆಯೇ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಅನಂತರ ರಿಟರ್ನ್ಸ್ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ಪರಿಶೀಲನೆಯಾಗಿ, ಲೆಕ್ಕ ಸರಿಯಿದ್ದರೆ ಹಣ ನೇರವಾಗಿ ಖಾತೆಗೆ ಬರುತ್ತದೆ. ಇದಕ್ಕೆ ಸರ್ಕಾರ ಯಾವ ಶುಲ್ಕವನ್ನೂ ಪಡೆಯುವುದಿಲ್ಲ. ಸಹಜ್ ನಮೂನೆಯನ್ನು ಪದವಿ ವಿದ್ಯಾರ್ಥಿ ಒಂದು ಸಂಜೆ ಕುಳಿತು ತಾನೇ ತುಂಬಬಲ್ಲ. ಐಟಿಆರ್-3ಕ್ಕೆ ಮೊದಲ ಸಲ ತಿಳಿದವರ ನೆರವು ಪಡೆಯುವುದು ಒಳ್ಳೆಯದು. ಆದರೆ ನಿಮಗೆ ಕಡಿತವಾದದ್ದಕ್ಕಿಂತ ಹೆಚ್ಚು ರೀಫಂಡ್ ಕೊಡಿಸುತ್ತೇನೆ, ಇಲ್ಲದ ದಾನ ಇಲ್ಲದ ಖರ್ಚು ತೋರಿಸುತ್ತೇನೆ ಎನ್ನುವವರಿಂದ ದೂರವಿರಬೇಕು. ಸುಳ್ಳು ಮಾಹಿತಿ ಕೊಟ್ಟು ತಪ್ಪಿಸಿದ ತೆರಿಗೆಯ ಮೇಲೆ ಅದರ ಎರಡು ಪಟ್ಟು ದಂಡ ಹಾಕುವ ಅವಕಾಶ ಕಾಯ್ದೆಯಲ್ಲಿದೆ, ಅದನ್ನು ತೆರಬೇಕಾದವರು ಪ್ಯಾನ್ ಯಾರದೋ ಅವರು.

ಜುಲೈ ತಪ್ಪಿದರೂ ಡಿಸೆಂಬರ್ 31ರವರೆಗೆ ವಿಳಂಬಿತ ರಿಟರ್ನ್ಸ್ ಸಲ್ಲಿಸಿ ರೀಫಂಡ್ ಕೇಳಬಹುದು. ಒಟ್ಟು ಆದಾಯ ಮೂಲ ವಿನಾಯಿತಿ ಮಿತಿಯೊಳಗಿದ್ದರೆ ಅದಕ್ಕೆ ವಿಳಂಬ ಶುಲ್ಕವೂ ಇಲ್ಲ, 1,44,000 ರೂಪಾಯಿ ಗಳಿಸಿದ ನಮ್ಮ ಹುಡುಗನಿಗೆ 14,400 ಪೂರ್ತಿಯಾಗಿ ಸಿಗುತ್ತದೆ. ಡಿಸೆಂಬರ್ ದಾಟಿದ ಮೇಲೆ ದಾರಿ ಕಿರಿದಾಗುತ್ತದೆ. ಆಮೇಲೆ ಸಲ್ಲಿಸಬಹುದಾದ ನವೀಕೃತ (ಅಪ್‌ಡೇಟೆಡ್) ರಿಟರ್ನ್ಸ್‌ನ ‘ಐಟಿಆರ್-ಯು’ ನಮೂನೆಯಲ್ಲಿ ರೀಫಂಡ್ ಕೇಳುವಂತಿಲ್ಲ. ವಿಳಂಬವನ್ನು ಮನ್ನಿಸುವಂತೆ ಸೆಕ್ಷನ್ 119(2)(ಬಿ) ಅಡಿ ಕಾರಣಸಹಿತ ಅರ್ಜಿ ಹಾಕಿ ಅಧಿಕಾರಿಗಳ ಒಪ್ಪಿಗೆಗೆ ಕಾಯಬೇಕಾಗುತ್ತದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ, ಆ ದಿನದ ನಂತರದ ಗಳಿಕೆಗೆ ಸೆಕ್ಷನ್ ಸಂಖ್ಯೆಗಳೂ ಕೆಲವು ನಮೂನೆಗಳೂ ಬದಲಾಗುತ್ತವೆ, ‘ತೆರಿಗೆ ವರ್ಷ’ ಎಂಬ ಹೊಸ ಪದ ಬಳಕೆಗೆ ಬರುತ್ತದೆ. ಹಿಂದಿನ ವರ್ಷಗಳಲ್ಲಿ ಟ್ಯೂಷನ್ ಸಂಸ್ಥೆಗೋ ಹೊರಗಿನ ಕಂಪನಿಗೋ ದುಡಿದು ರಿಟರ್ನ್ಸ್ ಸಲ್ಲಿಸದೆ ಬಿಟ್ಟವರು ಇ-ಫೈಲಿಂಗ್ ಖಾತೆಯಲ್ಲಿ ಆ ವರ್ಷಗಳ 26ಎಎಸ್ ಅನ್ನೂ ತೆರೆದು ನೋಡಲಿ, ತಮ್ಮ ಹೆಸರಿನಲ್ಲಿ ಜಮಾ ಆಗಿರುವ ಮೊತ್ತ ಅಲ್ಲಿ ವರ್ಷವಾರು ಕಾಣುತ್ತದೆ.